ಕೊಂಡಿಗಳ ಜಾಡು ಹಿಡಿದು ಜಾಲದ ಬಳಗಗಳ ನಕ್ಷೆ ಬಿಡಿಸುವ ಕ್ರಮ

ಒಂದು ವಿಷಯದ ಸುತ್ತ ಜಾಲದಲ್ಲಿ ಯಾರು ಯಾರು ಸೇರಿಕೊಂಡಿದ್ದಾರೆಂದು ತಿಳಿಯಬೇಕಾದಾಗ ನಾವು ಸಾಮಾನ್ಯವಾಗಿ ಗೂಗಲ್‌ನಲ್ಲಿ ನಾಲ್ಕು ಪದ ಹಾಕಿ, ಬಂದ ಪಟ್ಟಿಯನ್ನು ಓದುತ್ತೇವೆ. ಆ ಪಟ್ಟಿ ಒಂದೇ ವಿಷಯದ ಪುಟಗಳನ್ನು ಸಾಲಾಗಿ ತಂದು ನಿಲ್ಲಿಸುತ್ತದೆಯೇ ಹೊರತು, ಅವುಗಳನ್ನು ಬರೆದವರು ಒಬ್ಬರನ್ನೊಬ್ಬರು ಓದುತ್ತಾರೆಯೇ, ಯಾರ ಮಾತಿಗೆ ಯಾರು ಕಿವಿಗೊಡುತ್ತಾರೆ, ಯಾವ ಎರಡು ಗುಂಪುಗಳು ಒಂದೇ ವಿಷಯ ಬರೆಯುತ್ತಿದ್ದರೂ ಪರಸ್ಪರ ಮುಖ ನೋಡುವುದಿಲ್ಲ ಎಂಬುದನ್ನು ತಿಳಿಸುವುದಿಲ್ಲ. ಅದನ್ನು ತಿಳಿಯಲು ಇರುವ ದಾರಿ ಕೊಂಡಿಗಳನ್ನು, ಅಂದರೆ ಒಂದು ಪುಟದಿಂದ ಇನ್ನೊಂದಕ್ಕೆ ಒಯ್ಯುವ ಲಿಂಕುಗಳನ್ನು, ಎಣಿಸುವುದು. ಒಬ್ಬರು ತಮ್ಮ ಪುಟದಿಂದ ಇನ್ನೊಬ್ಬರ ಪುಟಕ್ಕೆ ಕೊಂಡಿ ಕೊಟ್ಟರೆ, ಮೆಚ್ಚಿಯೋ ಜಗಳಕ್ಕೋ, ಆ ಇನ್ನೊಬ್ಬರ ಇರವನ್ನು ಒಪ್ಪಿಕೊಂಡಂತಾಯಿತು.

ಆದರೆ ಎಲ್ಲ ಕೊಂಡಿಗಳೂ ಯಾರೋ ಮನಸ್ಸಿಟ್ಟು ಕೊಟ್ಟವಲ್ಲ. ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಎಂಬಲ್ಲಿನ ಹೆಸರುಗಳನ್ನು ಓದಿದರೆ ನಂಟಸ್ತಿಕೆ ಗೊತ್ತಾಗುತ್ತದೆ. ಅದೇ ಪತ್ರಿಕೆಯ ಅಡಿಯಲ್ಲಿ ಸಣ್ಣಕ್ಷರದಲ್ಲಿರುವ ಪ್ರೆಸ್ಸಿನ ಹೆಸರು ಊರಿನ ಪ್ರತಿಯೊಂದು ಪತ್ರಿಕೆಯಲ್ಲಿದ್ದರೂ ಅದರಿಂದ ಯಾರೂ ಯಾರಿಗೂ ನೆಂಟರಾಗುವುದಿಲ್ಲ. ಜಾಲದ ಪುಟಗಳಲ್ಲಿ ಪ್ರೆಸ್ಸಿನ ಹೆಸರಿನಂಥ ಕೊಂಡಿಗಳೇ ಹೆಚ್ಚು. ಅವನ್ನು ಬೇರ್ಪಡಿಸುವ ಕೆಲಸದಲ್ಲಿ ಎಚ್ಚರ ತಪ್ಪಿದರೆ, ಮುಂದೆ ಎಷ್ಟು ಒಳ್ಳೆಯ ಅಲ್ಗಾರಿದಂ ಬಳಸಿದರೂ ಪ್ರಯೋಜನವಿಲ್ಲ. ಹೀಗಾಗಿ ಈ ಲೇಖನದ ಹೆಚ್ಚಿನ ಭಾಗ ಸೋಸುವುದಕ್ಕೇ ಮೀಸಲಾಗಿದೆ. ಬಣ್ಣಬಣ್ಣದ ಚಿತ್ರ ಬಿಡಿಸುವುದಕ್ಕೆ ಕಡಿಮೆ ಜಾಗ ಸಾಕು.

ಉದಾಹರಣೆಗಾಗಿ ಕನ್ನಡದಲ್ಲಿ ಬರೆಯುವ ಸ್ವತಂತ್ರ ತಾಣಗಳನ್ನು, ಅಂದರೆ ವ್ಯಕ್ತಿಗಳೋ ಸಣ್ಣ ತಂಡಗಳೋ ನಡೆಸುವ ಬ್ಲಾಗು, ಜಾಲಪತ್ರಿಕೆ, ವಿಷಯತಾಣಗಳನ್ನು ಇಟ್ಟುಕೊಳ್ಳೋಣ. ಕೆಲವು ನೂರರಿಂದ ಕೆಲವು ಸಾವಿರ ತಾಣಗಳವರೆಗಿನ ನಕ್ಷೆಗೆ ಒಂದು ಸಾಧಾರಣ ಲ್ಯಾಪ್‌ಟಾಪ್, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಅದರ ನೆಟ್‌ವರ್ಕ್‌ಎಕ್ಸ್ ಅಥವಾ ಐಗ್ರಾಫ್ ಲೈಬ್ರರಿ, ಮತ್ತು ಇಂಥ ನಕ್ಷೆಗಳ ಚಿತ್ರ ಬಿಡಿಸಲು ಉಚಿತವಾಗಿ ಸಿಗುವ ಗೆಫಿ ಎಂಬ ತಂತ್ರಾಂಶ ಸಾಕು.

ಮೊದಲು: ಬಿಂದು ಯಾವುದು, ಗೆರೆ ಯಾವುದು

ನಕ್ಷೆಯಲ್ಲಿ ಬಿಂದುಗಳೂ ಅವುಗಳ ನಡುವೆ ದಿಕ್ಕುಳ್ಳ ಗೆರೆಗಳೂ ಇರುತ್ತವೆ. ಬಿಂದು ಎಂದರೆ ಒಂದು ಪುಟವೋ, ಇಡೀ ತಾಣವೋ ಎಂಬುದನ್ನು ಕೆಲಸ ಶುರು ಮಾಡುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಬಳಗಗಳನ್ನು ಹುಡುಕುವವರಿಗೆ ಪುಟ ತೀರ ಚಿಕ್ಕದಾಗುತ್ತದೆ. ಒಬ್ಬ ಲೇಖಕನ ಮುನ್ನೂರು ಪುಟಗಳು ಮುನ್ನೂರು ಬಿಂದುಗಳಾಗಿ, ಒಳಗೊಳಗೇ ಕೊಂಡಿ ಹಾಕಿಕೊಂಡು, ತಾವೇ ಒಂದು ಬಳಗವೆಂದು ತೋರಿಬಿಡುತ್ತವೆ. ಹಾಗೆಂದು ಡೊಮೇನ್ ಹೆಸರನ್ನೇ ಬಿಂದುವಾಗಿಸಿದರೆ ಬ್ಲಾಗ್‌ಸ್ಪಾಟ್‌ನಲ್ಲಿರುವ ಎಲ್ಲ ಬರಹಗಾರರೂ ಒಂದೇ ಬಿಂದುವಿನಲ್ಲಿ ಕರಗಿಹೋಗುತ್ತಾರೆ. ಆದ್ದರಿಂದ ಬ್ಲಾಗ್‌ಸ್ಪಾಟ್, ವರ್ಡ್‌ಪ್ರೆಸ್ ಮೊದಲಾದ ಕಡೆ ಉಪಡೊಮೇನನ್ನೂ (ವಿಳಾಸದ ಮೊದಲಿಗೆ ಆಯಾ ಬ್ಲಾಗಿನ ಹೆಸರು ಸೇರಿರುವ ರೂಪವನ್ನೂ), ಸ್ವಂತ ಡೊಮೇನ್ ಇದ್ದವರ ವಿಷಯದಲ್ಲಿ ಇಡೀ ಡೊಮೇನನ್ನೂ, ದಿನಪತ್ರಿಕೆಯ ತಾಣದೊಳಗೆ ಒಬ್ಬ ಅಂಕಣಕಾರರ ಬರಹಗಳಷ್ಟೇ ಬೇಕಿದ್ದರೆ ಆ ವಿಭಾಗದ ವಿಳಾಸವನ್ನೂ ಒಂದೊಂದು ಬಿಂದುವೆಂದು ಗಣಿಸುವುದು ಸೂಕ್ತ. ಪ್ಯಾರಿಸ್ಸಿನ ಸಿಯಾನ್ಸ್ ಪೊ ವಿದ್ಯಾಸಂಸ್ಥೆಯ ಮೀಡಿಯಾಲ್ಯಾಬ್ ರೂಪಿಸಿರುವ ಹೈಫ್ ಎಂಬ ಮುಕ್ತ ತಂತ್ರಾಂಶ ಈ ಸ್ವಾತಂತ್ರ್ಯವನ್ನು ಬಳಸುವವರ ಕೈಗೇ ಕೊಡುತ್ತದೆ. ಕೋಡ್ ಬರೆಯಲು ಒಗ್ಗದವರು ಅದರಿಂದಲೇ ಆರಂಭಿಸಬಹುದು.

ಗೆರೆಯ ಬಗ್ಗೆಯೂ ಇದೇ ಎಚ್ಚರ ಬೇಕು. ಲೇಖನದ ಒಡಲಿನಲ್ಲಿ ಬಂದ ಕೊಂಡಿ, ಪಕ್ಕದ ಪಟ್ಟಿಯಲ್ಲಿ ‘ನಾನು ಓದುವ ತಾಣಗಳು’ ಎಂದು ಹಾಕಿರುವ ಕೊಂಡಿ, ಪ್ರತಿಕ್ರಿಯೆಯಲ್ಲಿ ಓದುಗರೊಬ್ಬರು ಬಿಟ್ಟುಹೋದ ಕೊಂಡಿ, ಇವು ಮೂರೂ ಬೇರೆ ಬೇರೆ ಬಗೆಯ ಸಂಬಂಧಗಳು. ಮೂರನ್ನೂ ಸಂಗ್ರಹಿಸಿ, ಆದರೆ ಬಗೆಯನ್ನು ಪ್ರತ್ಯೇಕ ಕಾಲಮ್ಮಿನಲ್ಲಿ ಗುರುತು ಹಾಕಿಡಿ. ಆಮೇಲೆ ಬೇಡವೆನಿಸಿದ್ದನ್ನು ಕೈಬಿಡಬಹುದು. ಒಟ್ಟಿಗೆ ಬೆರೆಸಿಟ್ಟದ್ದನ್ನು ಆಮೇಲೆ ಬಿಡಿಸಲಾಗದು.

ಆರಂಭದ ಪಟ್ಟಿ

ಹುಡುಕಾಟ ಎಲ್ಲಿಂದ ಹೊರಡುತ್ತದೆಯೋ ಆ ತಾಣಗಳ ಪಟ್ಟಿಯೇ ನಕ್ಷೆಯ ಎಲ್ಲೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಮೂವತ್ತರಿಂದ ಐವತ್ತು ತಾಣಗಳ ಪಟ್ಟಿ ಒಳ್ಳೆಯ ಆರಂಭ, ಆದರೆ ಸಂಖ್ಯೆಗಿಂತ ಆ ಹೆಸರುಗಳು ಎಲ್ಲಿಂದ ಬಂದವು ಎಂಬುದು ಮುಖ್ಯ. ಎಲ್ಲ ಹೆಸರುಗಳನ್ನೂ ಒಬ್ಬರಿಂದಲೇ ಕೇಳಿ ಬರೆದುಕೊಂಡರೆ ಕೊನೆಗೆ ಬರುವುದು ಆ ಒಬ್ಬರ ಪರಿಚಯದ ನಕ್ಷೆ. ಕೆಲವನ್ನು ಹುಡುಕು ಫಲಿತಾಂಶಗಳಿಂದ, ಕೆಲವನ್ನು ಕನ್ನಡ ವಿಕಿಪೀಡಿಯ ಲೇಖನಗಳ ಕೆಳಗಿನ ಹೊರಕೊಂಡಿಗಳಿಂದ, ಕೆಲವನ್ನು ಮುದ್ರಿತ ಪತ್ರಿಕೆಗಳ ಪರಿಚಯ ಅಂಕಣಗಳಿಂದ, ಇನ್ನು ಕೆಲವನ್ನು ಆ ವಿಷಯದಲ್ಲಿ ನಿಮ್ಮಿಂದ ಭಿನ್ನ ಅಭಿರುಚಿಯುಳ್ಳವರಿಂದ ಪಡೆಯಿರಿ. ಯಾವ ಹೆಸರು ಎಲ್ಲಿಂದ ಬಂತೆಂದು ಎದುರಿಗೇ ಬರೆದಿಡಿ.

ಕನ್ನಡದ ತಾಣಗಳೆಂದರೆ ಯಾವುವು ಎಂಬ ಪ್ರಶ್ನೆ ಇಲ್ಲೇ ಎದುರಾಗುತ್ತದೆ. ಯುನಿಕೋಡಿನಲ್ಲಿ ಕನ್ನಡ ಲಿಪಿಗೆ ಮೀಸಲಾದ ಸಂಕೇತಗಳ ವಲಯವೊಂದಿದೆ. ಪುಟದ ಅಕ್ಷರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ವಲಯದವಾಗಿದ್ದರೆ ‘ಒಳಗೆ’ ಎಂದು ತೀರ್ಮಾನಿಸುವ ಹತ್ತು ಸಾಲಿನ ಪ್ರೋಗ್ರಾಂ ಬರೆಯುವುದು ಸುಲಭ. ಆದರೆ ಆ ಜರಡಿ ಲಿಪಿಯನ್ನು ಗುರುತಿಸುತ್ತದೆ, ಭಾಷೆಯನ್ನಲ್ಲ. ಕರಾವಳಿಯ ತುಳು, ಕೊಂಕಣಿ, ಬ್ಯಾರಿ ಬರಹಗಳೂ ಕೊಡವ ಬರಹಗಳೂ ಕನ್ನಡ ಲಿಪಿಯಲ್ಲೇ ಪ್ರಕಟವಾಗುತ್ತವೆ, ಸಂಸ್ಕೃತ ಶ್ಲೋಕಗಳ ಸಂಗ್ರಹಗಳೂ ಹಾಗೆಯೇ. ಅವುಗಳನ್ನು ಒಳಗೆ ಬಿಟ್ಟುಕೊಳ್ಳುವುದು ತಪ್ಪಲ್ಲ. ಅವು ನಕ್ಷೆಯಲ್ಲಿ ಪ್ರತ್ಯೇಕ ಗುಂಪಾಗಿ ಕಾಣುತ್ತವೆಯೇ, ಕನ್ನಡದ ತಾಣಗಳೊಡನೆ ಬೆರೆತಿವೆಯೇ ಎಂಬುದು ತಾನಾಗಿ ಒಂದು ಸ್ವಾರಸ್ಯಕರ ಪ್ರಶ್ನೆ. ಆದರೆ ಅವು ಒಳಗಿವೆ ಎಂಬುದು ನಿಮಗೆ ಗೊತ್ತಿರಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಪ್ರಕಟವಾದ, ಯುನಿಕೋಡಿಗೆ ಬದಲಾಗದ ಪುಟಗಳು ಈ ಜರಡಿಗೆ ಸಿಗುವುದೇ ಇಲ್ಲ ಎಂಬುದು ಇನ್ನೊಂದು ತೊಡಕು. ಅಂಥವನ್ನು ಕಣ್ಣಾರೆ ನೋಡಿಯೇ ಸೇರಿಸಬೇಕು.

ಸಂಗ್ರಹ

ಪಟ್ಟಿ ಸಿದ್ಧವಾದ ಮೇಲೆ ಕ್ರಾಲರ್ ಅಂದರೆ ಪುಟದಿಂದ ಪುಟಕ್ಕೆ ನಡೆದು ಕೊಂಡಿಗಳನ್ನು ಹೆಕ್ಕುವ ಪ್ರೋಗ್ರಾಂ ಕೆಲಸಕ್ಕಿಳಿಯುತ್ತದೆ. ಪೈಥಾನ್ ಬಲ್ಲವರಿಗೆ ಇದಕ್ಕೆಂದೇ ಇರುವ ಸ್ಕ್ರೇಪಿ ಎಂಬ ಲೈಬ್ರರಿ ಅನುಕೂಲಕರ. ಪ್ರತಿ ತಾಣದೊಳಗೆ ಮುಖಪುಟದಿಂದ ಎರಡು ಅಥವಾ ಮೂರು ಹೆಜ್ಜೆ ಆಳಕ್ಕೆ ಹೋಗಿ, ಹೊರಗೆ ಹೋಗುವ ಕೊಂಡಿಗಳನ್ನೆಲ್ಲ ಬರೆದುಕೊಳ್ಳಿ. ಹೀಗೆ ಸಿಕ್ಕ ಹೊಸ ತಾಣಗಳಲ್ಲಿ, ನಿಮ್ಮ ಪಟ್ಟಿಯ ಕನಿಷ್ಠ ಎರಡು ಅಥವಾ ಮೂರು ಬೇರೆ ಬೇರೆ ತಾಣಗಳಿಂದ ಕೊಂಡಿ ಪಡೆದಿರುವವನ್ನು ಮಾತ್ರ ತೆರೆದು ನೋಡಿ, ವಿಷಯಕ್ಕೆ ಸೇರಿದವನ್ನು ಪಟ್ಟಿಗೆ ಸೇರಿಸಿ, ಮತ್ತೊಂದು ಸುತ್ತು ನಡೆಸಿ. ಎರಡು ಮೂರು ಸುತ್ತುಗಳಲ್ಲಿ ಹೊಸ ಹೆಸರುಗಳು ವಿರಳವಾಗುತ್ತ ಬರುತ್ತವೆ, ಆಗ ನಿಲ್ಲಿಸಬಹುದು. ಪ್ರತಿಯೊಂದು ಹೊಸ ತಾಣಕ್ಕೂ ‘ಒಳಗೆ’, ‘ಹೊರಗೆ’, ‘ತೀರ್ಮಾನವಾಗಿಲ್ಲ’ ಎಂಬ ಮೂರರಲ್ಲಿ ಒಂದು ಮುದ್ರೆ ಬೀಳಲೇಬೇಕು. ಬೇಸರದ ಕೆಲಸವೇನೋ ನಿಜ, ಆದರೆ ಇದನ್ನು ಯಂತ್ರಕ್ಕೆ ಒಪ್ಪಿಸಿದರೆ ಮೂರನೆಯ ಸುತ್ತಿನೊಳಗೆ ಯೂಟ್ಯೂಬ್, ಸರ್ಕಾರಿ ಇಲಾಖೆ, ಆನ್‌ಲೈನ್ ಅಂಗಡಿಗಳೆಲ್ಲ ನಕ್ಷೆಯೊಳಗೆ ನುಗ್ಗಿರುತ್ತವೆ.

ಕೊಂಡಿಗಳನ್ನು ಹಿಂಬಾಲಿಸಿ ಎಲ್ಲವನ್ನೂ ತಲುಪಬಹುದೆಂಬ ಭ್ರಮೆ ಬೇಡ. ಆಂಡ್ರೇ ಬ್ರೋಡರ್ ಮತ್ತು ಸಂಗಡಿಗರು 20 ಕೋಟಿ ಪುಟಗಳ, 150 ಕೋಟಿ ಕೊಂಡಿಗಳ ದತ್ತಾಂಶವನ್ನು ಪರಿಶೀಲಿಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಾಲದ ಸುಮಾರು ಕಾಲುಭಾಗದಷ್ಟು ಪುಟಗಳು ಮಾತ್ರ ಒಂದರಿಂದ ಇನ್ನೊಂದಕ್ಕೆ ಹೋಗಿ ಮರಳಿ ಬರಬಲ್ಲ ನಡುಗುಂಪಿನಲ್ಲಿದ್ದವು. ಉಳಿದವುಗಳಲ್ಲಿ ಕೆಲವಕ್ಕೆ ಒಳಬರುವ ದಾರಿಯಿಲ್ಲ, ಕೆಲವಕ್ಕೆ ಹೊರಹೋಗುವ ದಾರಿಯಿಲ್ಲ. ಇತರರಿಗೆ ಕೊಂಡಿ ಕೊಟ್ಟೂ ತಾನು ಯಾರಿಂದಲೂ ಕೊಂಡಿ ಪಡೆಯದ ಹೊಸ ಬರಹಗಾರ ನಿಮ್ಮ ಕ್ರಾಲರಿಗೆ ಎಂದೂ ಸಿಗುವುದಿಲ್ಲ. ಅಂಥವರನ್ನು ಹಿಡಿಯಲು ಕಾಮನ್ ಕ್ರಾಲ್ ಸಂಸ್ಥೆ ಉಚಿತವಾಗಿ ಪ್ರಕಟಿಸುವ ಜಾಲದ ಕೊಂಡಿ-ದತ್ತಾಂಶ ಉಪಯುಕ್ತ. ಅದರಲ್ಲಿ ‘ಈ ತಾಣಕ್ಕೆ ಯಾರು ಕೊಂಡಿ ಕೊಟ್ಟಿದ್ದಾರೆ’ ಎಂದು ಹಿಮ್ಮುಖವಾಗಿಯೂ ಹುಡುಕಬಹುದು. ಮುಚ್ಚಿಹೋದ ಬ್ಲಾಗುಗಳಿಗೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಇದೆ.

ಕ್ರಾಲರ್ ನಡೆಸುವಾಗಿನ ಶಿಷ್ಟಾಚಾರ ಸರಳ. ತಾಣದ ರೋಬಾಟ್ಸ್ ಕಡತ (ಕ್ರಾಲರುಗಳಿಗಾಗಿ ತಾಣದವರು ಬರೆದಿಡುವ ಸೂಚನೆಗಳು) ಬೇಡವೆಂದ ಕಡೆ ಹೋಗಬಾರದು. ಈ ಪದ್ಧತಿ 1994ರಿಂದ ರೂಢಿಯಲ್ಲಿದ್ದು 2022ರಲ್ಲಿ ಆರ್‌ಎಫ್‌ಸಿ 9309 ಎಂಬ ವಿಧಿವತ್ತಾದ ಮಾನಕವಾಯಿತು. ಒಂದೇ ತಾಣಕ್ಕೆ ಎರಡು ಕೋರಿಕೆಗಳ ನಡುವೆ ಕೆಲವು ಸೆಕೆಂಡುಗಳ ಬಿಡುವು ಕೊಡಬೇಕು, ಕ್ರಾಲರಿನ ಗುರುತಿನ ಸಾಲಿನಲ್ಲಿ ನಿಮ್ಮ ಮಿಂಚಂಚೆ ವಿಳಾಸ ಹಾಕಬೇಕು, ಲಾಗಿನ್ ಕೇಳುವ ಪುಟಗಳನ್ನು ಮುಟ್ಟಬಾರದು.

ಸೋಸುವಿಕೆ

ಸಂಗ್ರಹ ಮುಗಿದಾಗ ಕೈಯಲ್ಲಿರುವುದು ಮೂಲ ವಿಳಾಸ, ಗುರಿ ವಿಳಾಸ, ಕೊಂಡಿಯ ಬಗೆ, ದಿನಾಂಕ ಎಂಬ ನಾಲ್ಕು ಕಾಲಮ್ಮುಗಳ ಉದ್ದನೆಯ ಕೋಷ್ಟಕ. ಇದನ್ನು ನೇರವಾಗಿ ಗೆಫಿಗೆ ಸುರಿಯಬೇಡಿ.

ಮೊದಲ ಕೆಲಸ, ಒಂದೇ ತಾಣ ಹಲವು ಹೆಸರುಗಳಲ್ಲಿ ಬಂದಿದ್ದರೆ ಒಂದುಗೂಡಿಸುವುದು. ಸುರಕ್ಷಿತ ಹಾಗೂ ಹಳೆಯ ಮಾದರಿಯ (ಎಚ್‌ಟಿಟಿಪಿಎಸ್ ಹಾಗೂ ಎಚ್‌ಟಿಟಿಪಿ) ವಿಳಾಸಗಳು, ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ಮತ್ತು ಇಲ್ಲದ ರೂಪಗಳು, ಕೊನೆಯ ಓರೆಗೆರೆ, ಮೊಬೈಲ್ ಆವೃತ್ತಿ ಇವೆಲ್ಲ ಎಲ್ಲ ಭಾಷೆಗಳಿಗೂ ಸಮಾನವಾದ ತೊಂದರೆಗಳು. ನಮ್ಮ ತಾಣಗಳಲ್ಲಿ ಇದಕ್ಕಿಂತ ಕಾಡುವುದು ಬ್ಲಾಗ್‌ಸ್ಪಾಟ್. 2012ರಿಂದ ಕೆಲವು ವರ್ಷ ಗೂಗಲ್ ತನ್ನ ಬ್ಲಾಗುಗಳನ್ನು ಓದುಗರ ದೇಶಕ್ಕೆ ತಕ್ಕ ವಿಳಾಸಕ್ಕೆ ತಿರುಗಿಸುತ್ತಿತ್ತು. ಬೆಂಗಳೂರಿನಲ್ಲಿ ಕುಳಿತವರಿಗೆ ಡಾಟ್ ಇನ್ ಎಂದೂ, ದುಬೈನಲ್ಲಿರುವವರಿಗೆ ಡಾಟ್ ಎಇ ಎಂದೂ ಅದೇ ಬ್ಲಾಗು ಕಾಣುತ್ತಿತ್ತು. ಓದಿದವರು ತಮ್ಮ ಬ್ರೌಸರಿನಲ್ಲಿ ಕಂಡ ವಿಳಾಸವನ್ನೇ ನಕಲಿಸಿ ಅಂಟಿಸಿದ್ದರಿಂದ, ಆ ಕಾಲದ ಕೊಂಡಿಗಳಲ್ಲಿ ಒಬ್ಬರೇ ಲೇಖಕರು ಮೂರು ನಾಲ್ಕು ಬಿಂದುಗಳಾಗಿ ಹರಿದುಹೋಗಿರುತ್ತಾರೆ. ಇದನ್ನು ಸರಿಪಡಿಸದಿದ್ದರೆ ಇನ್ನೊಂದು ಅನಾಹುತವೂ ಇದೆ: ಡಾಟ್ ಎಇ ವಿಳಾಸಗಳೆಲ್ಲ ಕೊಲ್ಲಿಯಲ್ಲಿರುವ ಕನ್ನಡಿಗರ ಕೊಂಡಿಗಳಿಂದ ಬಂದವಾಗಿ, ಅಲ್ಲೊಂದು ಪ್ರತ್ಯೇಕ ‘ಬಳಗ’ ಹುಟ್ಟಿಕೊಂಡಂತೆ ಕಾಣಬಹುದು. ಬ್ಲಾಗ್‌ಸ್ಪಾಟ್ ಎಂಬ ಪದದ ಮುಂದಿನ ದೇಶಸೂಚಕವನ್ನೆಲ್ಲ ಅಳಿಸಿ ಡಾಟ್ ಕಾಮ್ ಮಾಡುವ ಒಂದು ಸಾಲಿನ ಬದಲಾವಣೆ ಇದಕ್ಕೆ ಪರಿಹಾರ. ಸ್ವಂತ ಡೊಮೇನಿಗೆ ಮನೆ ಬದಲಿಸಿದವರಿಗಾಗಿ ಹಳೆಯ ಹಾಗೂ ಹೊಸ ವಿಳಾಸಗಳ ಜೋಡಿಪಟ್ಟಿಯನ್ನು ಕೈಯಲ್ಲೇ ಮಾಡಬೇಕಾಗುತ್ತದೆ.

ಎರಡನೆಯದು ಕನ್ನಡ ಅಕ್ಷರಗಳಿರುವ ವಿಳಾಸಗಳು. ಯುಟಿಎಫ್-8 ಎಂಬ ಸಂಕೇತೀಕರಣ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟು. ವಿಳಾಸದಲ್ಲಿ ಒಂದೊಂದು ಬೈಟು ಶೇಕಡಾ ಚಿಹ್ನೆಯೂ ಸೇರಿ ಮೂರು ಚಿಹ್ನೆಗಳಾಗಿ ಬರುತ್ತದೆ. ‘ಕನ್ನಡ’ ಎಂಬ ಪುಟ್ಟ ಪದದಲ್ಲಿ ಕ, ನ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ಮತ್ತೊಂದು ನ, ಡ ಎಂದು ಐದು ಸಂಕೇತಗಳಿರುವುದರಿಂದ ಅದು 45 ಚಿಹ್ನೆಗಳ ಸರವಾಗುತ್ತದೆ. ಕೆಲವರು ಇದೇ ಸರವನ್ನು ಅಂಟಿಸಿರುತ್ತಾರೆ, ಕೆಲವರ ಪುಟದಲ್ಲಿ ಕನ್ನಡವೇ ಇರುತ್ತದೆ, ಇನ್ನು ಕೆಲವೆಡೆ ಉದ್ದ ಹೆಚ್ಚಾಯಿತೆಂದು ಅರ್ಧಕ್ಕೆ ತುಂಡಾಗಿರುತ್ತದೆ. ಎಲ್ಲವನ್ನೂ ಕನ್ನಡಕ್ಕೆ ಬಿಡಿಸಿ, ಬಳಿಕ ಒಂದೇ ಅಕ್ಷರದ ಭಿನ್ನ ಬರವಣಿಗೆಗಳನ್ನು ಒಂದುಗೂಡಿಸುವ ಯುನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಏಕೆಂದರೆ ‘ಕೊ’ ಎಂಬುದನ್ನು ಕ ಮತ್ತು ಒತ್ವ ಎಂಬ ಎರಡು ಸಂಕೇತಗಳಲ್ಲೂ ಬರೆಯಬಹುದು, ಕ, ಎತ್ವ, ಊತ್ವ ಎಂಬ ಮೂರು ಸಂಕೇತಗಳಲ್ಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ತಾಣವನ್ನೇ ಬಿಂದುವಾಗಿಸಿಕೊಂಡವರಿಗೆ ಈ ತೊಂದರೆ ಅಷ್ಟಾಗಿ ತಟ್ಟುವುದಿಲ್ಲ; ಪುಟ ಅಥವಾ ವಿಭಾಗದ ಮಟ್ಟಕ್ಕೆ ಇಳಿದವರಿಗೆ ತಪ್ಪಿದ್ದಲ್ಲ.

ಮೂರನೆಯದು ಪ್ರೆಸ್ಸಿನ ಹೆಸರು, ಅಂದರೆ ವಿನ್ಯಾಸದೊಡನೆ ತಾನಾಗಿ ಬರುವ ಕೊಂಡಿಗಳು. ವಿನ್ಯಾಸ ಮಾಡಿಕೊಟ್ಟವರ ತಾಣ, ಹಂಚಿಕೊಳ್ಳುವ ಗುಂಡಿಗಳು, ಭೇಟಿ ಎಣಿಸುವ ಕೌಂಟರ್, ಜಾಹೀರಾತು, ಫಾಂಟ್ ಇಳಿಸಿಕೊಳ್ಳುವ ಕೊಂಡಿ ಇವೆಲ್ಲ ಈ ಜಾತಿಗೆ ಸೇರುತ್ತವೆ. ಕಂಡುಹಿಡಿಯುವ ಉಪಾಯ ಹೀಗಿದೆ: ಪ್ರತಿ ತಾಣಕ್ಕೆ, ಅದರ ಎಷ್ಟು ಪುಟಗಳಲ್ಲಿ ಒಂದೇ ಗುರಿ ವಿಳಾಸ ಮರುಕಳಿಸುತ್ತದೆಂದು ಲೆಕ್ಕ ಹಾಕಿ. ಹತ್ತರಲ್ಲಿ ಒಂಬತ್ತು ಪುಟಗಳಲ್ಲಿ ಇದ್ದರೆ ಅದು ಅಚ್ಚಿನಲ್ಲಿ ಸೇರಿರುವ ಕೊಂಡಿ. ಆದರೆ ಅವಸರದಲ್ಲಿ ಅಳಿಸಬಾರದು, ಏಕೆಂದರೆ ಪಕ್ಕದ ಓದುಪಟ್ಟಿಯೂ ಪ್ರತಿ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ, ಮತ್ತು ಆ ಪಟ್ಟಿಯೇ ಲೇಖಕರು ಬಹಿರಂಗವಾಗಿ ಘೋಷಿಸಿದ ಸ್ನೇಹ. ಎರಡನ್ನೂ ಬೇರ್ಪಡಿಸಲು, ಮರುಕಳಿಸುವ ಗುರಿಗಳ ಪಟ್ಟಿಯನ್ನು ಮುದ್ರಿಸಿಕೊಂಡು ಒಮ್ಮೆ ಓದುವುದೇ ಸರಿ. ಕೆಲವು ನೂರು ಸಾಲುಗಳಷ್ಟೇ ಇರುತ್ತದೆ. ಓದುಪಟ್ಟಿಯ ಕೊಂಡಿಯನ್ನು ನೂರು ಸಲ ಎಣಿಸದೆ ಒಂದೇ ಸಲ ಎಣಿಸಿ.

ಪ್ರತಿಕ್ರಿಯೆಗಳಲ್ಲಿನ ಕೊಂಡಿಗಳ ಹಾವಳಿ ತಡೆಯಲೆಂದು 2005ರಲ್ಲಿ ಹುಡುಕು ಸಂಸ್ಥೆಗಳು ನೋಫಾಲೋ ಎಂಬ ಗುರುತನ್ನು ಜಾರಿಗೆ ತಂದವು. ಆ ಗುರುತು ಇರುವ ಕೊಂಡಿಗಳನ್ನೆಲ್ಲ ಕಿತ್ತುಹಾಕಬೇಕೆಂದು ಕೆಲವು ಕೈಪಿಡಿಗಳು ಹೇಳುತ್ತವೆ. ನನಗೆ ಅದು ಒಪ್ಪಿಗೆಯಿಲ್ಲ. ವಿಕಿಪೀಡಿಯ ತನ್ನ ಹೊರಕೊಂಡಿಗಳಿಗೆ ಈ ಗುರುತನ್ನು ಹಚ್ಚುತ್ತದೆ, ಆದರೂ ಆ ಕೊಂಡಿಗಳನ್ನು ಸಂಪಾದಕರು ಆಯ್ದೇ ಹಾಕಿರುತ್ತಾರೆ. ನೋಫಾಲೋ ಎಂಬುದು ಹುಡುಕು ಯಂತ್ರಕ್ಕೆ ಕೊಟ್ಟ ಸೂಚನೆ, ಸಂಬಂಧವಿಲ್ಲವೆಂಬ ಹೇಳಿಕೆಯಲ್ಲ.

ಕೊನೆಯದಾಗಿ, ಎಲ್ಲರೂ ಕೊಂಡಿ ಕೊಡುವ ದೈತ್ಯ ತಾಣಗಳನ್ನು, ವಿಕಿಪೀಡಿಯ, ಯೂಟ್ಯೂಬ್, ಫೇಸ್‌ಬುಕ್, ದೊಡ್ಡ ದಿನಪತ್ರಿಕೆಗಳನ್ನು, ನಕ್ಷೆಯಿಂದ ಹೊರಗಿಡಿ ಅಥವಾ ಬೇರೆ ಕಡತದಲ್ಲಿಡಿ. ಎಲ್ಲರಿಗೂ ಸಮಾನವಾದದ್ದು ಯಾರನ್ನೂ ಪ್ರತ್ಯೇಕಿಸಿ ತೋರಿಸುವುದಿಲ್ಲ.

ನೇರ ಕೊಂಡಿ ಸಾಲದಿದ್ದಾಗ

ಒಂದೇ ಬಳಗದವರು ಪರಸ್ಪರ ಕೊಂಡಿ ಕೊಡದೆಯೂ ಇರಬಹುದು. ಪೈಪೋಟಿಯಲ್ಲಿರುವ ಎರಡು ಪ್ರಕಾಶನಗಳು ಒಂದಕ್ಕೊಂದು ದಾರಿ ತೋರಿಸುವುದು ಅಪರೂಪ, ಆದರೆ ಪುಸ್ತಕಪ್ರಿಯರ ಪುಟಗಳು ಎರಡಕ್ಕೂ ಕೊಂಡಿ ಕೊಟ್ಟಿರುತ್ತವೆ. ಗ್ರಂಥಾಲಯ ವಿಜ್ಞಾನದವರು ಇದನ್ನು ಜಾಲ ಹುಟ್ಟುವ ಮೊದಲೇ ಬಲ್ಲರು. ಎರಡು ಪ್ರಬಂಧಗಳು ಒಂದೇ ಆಕರಗಳನ್ನು ಉಲ್ಲೇಖಿಸಿದರೆ ಅವು ಸಮೀಪದವೆಂದು 1963ರಲ್ಲಿ ಕೆಸ್ಲರ್ ಲೆಕ್ಕ ಹಾಕಿದರು. ಎರಡು ಪ್ರಬಂಧಗಳನ್ನು ಮೂರನೆಯವರು ಒಟ್ಟಿಗೆ ಉಲ್ಲೇಖಿಸುವುದನ್ನು 1973ರಲ್ಲಿ ಹೆನ್ರಿ ಸ್ಮಾಲ್ ಅಳತೆಗೋಲಾಗಿಸಿದರು. ಇದೇ ವಿಚಾರವನ್ನು ಜಾಲಕ್ಕೆ ಅನ್ವಯಿಸಿ ರವಿ ಕುಮಾರ್, ಪ್ರಭಾಕರ ರಾಘವನ್ ಮತ್ತು ಸಂಗಡಿಗರು 1999ರಲ್ಲಿ, ಹಲವು ಪುಟಗಳು ಒಟ್ಟಾಗಿ ಅದೇ ಕೆಲವು ಪುಟಗಳಿಗೆ ಕೊಂಡಿ ಕೊಡುವ ಗಟ್ಟಿ ತಿರುಳುಗಳನ್ನು ಹುಡುಕಿ, ಒಂದು ಲಕ್ಷಕ್ಕೂ ಹೆಚ್ಚು ಎಳೆಯ ಸಮುದಾಯಗಳನ್ನು ಪಟ್ಟಿ ಮಾಡಿದರು.

ಮಾಡುವ ರೀತಿ ಹೀಗೆ. ಪ್ರತಿ ಎರಡು ತಾಣಗಳಿಗೆ, ಇಬ್ಬರಿಗೂ ಕೊಂಡಿ ಕೊಟ್ಟವರ ಸಂಖ್ಯೆಯನ್ನು ಎಣಿಸಿ. ಆ ಸಂಖ್ಯೆಯನ್ನು ಹಾಗೆಯೇ ಬಳಸಿದರೆ ಹೆಸರುವಾಸಿ ತಾಣಗಳೇ ಗೆಲ್ಲುತ್ತವೆ, ಹಾಗಾಗಿ ಎರಡೂ ತಾಣಗಳ ಒಟ್ಟು ಒಳಕೊಂಡಿಗಳ (ಇತರರಿಂದ ಅವುಗಳಿಗೆ ಬಂದ ಕೊಂಡಿಗಳ) ಗುಣಲಬ್ಧದ ವರ್ಗಮೂಲದಿಂದ ಭಾಗಿಸಿ. ತಲಾ 10 ಮಂದಿ ಕೊಂಡಿ ಕೊಟ್ಟಿರುವ ಎರಡು ಸಣ್ಣ ತಾಣಗಳಿಗೆ 5 ಮಂದಿ ಸಮಾನರಿದ್ದರೆ ಅಳತೆ 0.5. ಒಂದಕ್ಕೆ 400, ಇನ್ನೊಂದಕ್ಕೆ 100 ಮಂದಿ ಇದ್ದು 20 ಮಂದಿ ಸಮಾನರಿದ್ದರೆ, 20ನ್ನು 200ರಿಂದ ಭಾಗಿಸಿ 0.1. ಎಣಿಕೆಯಲ್ಲಿ 20 ದೊಡ್ಡದಾದರೂ ನಂಟಿನಲ್ಲಿ 5 ದೊಡ್ಡದು.

ಇದರ ಜೊತೆಗೆ ಯಾರು ದಾರಿ ತೋರಿಸುವವರು, ಯಾರು ಎಲ್ಲರೂ ಬೊಟ್ಟು ಮಾಡುವ ಪ್ರಮಾಣಪುರುಷರು ಎಂಬುದನ್ನು ಬೇರ್ಪಡಿಸುವ, ಜಾನ್ ಕ್ಲೈನ್‌ಬರ್ಗ್ 1999ರಲ್ಲಿ ಪ್ರಕಟಿಸಿದ ಹಿಟ್ಸ್ ಎಂಬ ಲೆಕ್ಕಾಚಾರವನ್ನೂ ಓಡಿಸಿ ನೋಡಬಹುದು. ಒಳ್ಳೆಯ ದಾರಿತೋರುಗರು ಒಳ್ಳೆಯ ಪ್ರಮಾಣಗಳಿಗೆ ಕೊಂಡಿ ಕೊಡುತ್ತಾರೆ, ಒಳ್ಳೆಯ ಪ್ರಮಾಣಗಳು ಒಳ್ಳೆಯ ದಾರಿತೋರುಗರಿಂದ ಕೊಂಡಿ ಪಡೆಯುತ್ತವೆ ಎಂಬ ಪರಸ್ಪರ ಅವಲಂಬನೆಯನ್ನೇ ಅದು ಸುತ್ತುಸುತ್ತಾಗಿ ಲೆಕ್ಕ ಹಾಕುತ್ತದೆ. ಅದರ ಒಂದು ದೌರ್ಬಲ್ಯ ಪ್ರಸಿದ್ಧವಾದುದೇ: ಒಳಗೊಳಗೆ ಗಾಢವಾಗಿ ಕೊಂಡಿ ಹಾಕಿಕೊಂಡ ಪುಟ್ಟ ಗುಂಪೊಂದಿದ್ದರೆ ಎಲ್ಲ ಅಂಕಗಳನ್ನೂ ಅದೇ ಬಾಚಿಕೊಳ್ಳುತ್ತದೆ.

ಗುಂಪುಗಳನ್ನು ಬೇರ್ಪಡಿಸುವುದು

ಗುಂಪು ಎಂದರೆ ಹೊರಗಿನವರಿಗಿಂತ ಒಳಗಿನವರೊಡನೆ ಹೆಚ್ಚು ಕೊಂಡಿ ಇರುವ ಬಿಂದುಗಳ ಕೂಟ. ‘ಹೆಚ್ಚು’ ಎಂಬುದನ್ನು ಅಳೆಯಲು ಮಾರ್ಕ್ ನ್ಯೂಮನ್ ಮತ್ತು ಮಿಶೆಲ್ ಗಿರ್ವನ್ 2004ರಲ್ಲಿ ಮಾಡ್ಯುಲಾರಿಟಿ ಎಂಬ ಅಳತೆಯನ್ನು ಕೊಟ್ಟರು. ಒಮ್ಮೆ ಕೈಯಲ್ಲಿ ಲೆಕ್ಕ ಹಾಕಿದರೆ ಇದು ಚೆನ್ನಾಗಿ ತಲೆಗೆ ಹೋಗುತ್ತದೆ. ಅ, ಆ, ಇ ಎಂಬ ಮೂರು ತಾಣಗಳು ಪರಸ್ಪರ ಕೊಂಡಿ ಹೊಂದಿವೆ. ಕ, ಖ, ಗ ಎಂಬ ಇನ್ನು ಮೂರೂ ಹಾಗೆಯೇ. ಇ ಮತ್ತು ಕ ನಡುವೆ ಒಂದು ಸೇತುವೆ ಇದೆ. ದಿಕ್ಕನ್ನು ಲೆಕ್ಕಿಸದಿದ್ದರೆ ಒಟ್ಟು 7 ಗೆರೆಗಳು, 14 ತುದಿಗಳು. ಸಹಜವಾದ ಎರಡು ಗುಂಪುಗಳಾಗಿ ವಿಂಗಡಿಸಿದಾಗ 7ರಲ್ಲಿ 6 ಗೆರೆಗಳು ಗುಂಪಿನೊಳಗೇ ಉಳಿಯುತ್ತವೆ, ಅಂದರೆ 0.857. ಪ್ರತಿ ಗುಂಪಿಗೆ 14ರಲ್ಲಿ 7 ತುದಿಗಳು ಸೇರಿರುವುದರಿಂದ, ಗೆರೆಗಳನ್ನು ಕಣ್ಣು ಮುಚ್ಚಿ ಎಳೆದಿದ್ದರೂ ಅರ್ಧದಷ್ಟು ಗುಂಪಿನೊಳಗೇ ಬೀಳುತ್ತಿದ್ದವು. ಈ ಎರಡರ ವ್ಯತ್ಯಾಸವಾದ 0.357 ಎಂಬುದೇ ಮಾಡ್ಯುಲಾರಿಟಿ. ಈಗ ‘ಕ’ವನ್ನು ಮೊದಲ ಗುಂಪಿಗೆ ಎಳೆದುಕೊಂಡರೆ ಅಳತೆ 0.122ಕ್ಕೆ ಇಳಿಯುತ್ತದೆ, ಆರನ್ನೂ ಒಂದೇ ಗುಂಪು ಮಾಡಿದರೆ ಸೊನ್ನೆ.

ಸಾವಿರಾರು ಬಿಂದುಗಳಿಗೆ ಈ ಅಳತೆಯನ್ನು ಗರಿಷ್ಠಗೊಳಿಸುವ ವಿಂಗಡಣೆ ಹುಡುಕಲು 2008ರಲ್ಲಿ ಬೆಲ್ಜಿಯಂನಿಂದ ಬಂದ ಲೂವೆನ್ ವಿಧಾನ ಇಂದಿಗೂ ಗೆಫಿಯೂ ಸೇರಿ ಹಲವೆಡೆ ಬಳಕೆಯಲ್ಲಿದೆ. ಅದು ಕೆಲವೊಮ್ಮೆ ಒಳಗೆ ಸಂಪರ್ಕವೇ ಇಲ್ಲದ ತುಂಡುಗಳನ್ನು ಒಂದೇ ಗುಂಪೆಂದು ಕೊಟ್ಟುಬಿಡುತ್ತದೆ. ಆ ಕೊರತೆಯನ್ನು 2019ರ ಲೈಡನ್ ವಿಧಾನ ನೀಗಿಸಿದೆ. ಪೈಥಾನ್ ಬಳಸುವವರು ಲೈಡನ್ ಆಯ್ದುಕೊಳ್ಳಲಿ. ಯಾವುದನ್ನು ಬಳಸಿದರೂ ಮೂರು ಪರೀಕ್ಷೆಗಳು ಕಡ್ಡಾಯ.

ಒಂದು, ಈ ವಿಧಾನಗಳು ಬಿಂದುಗಳನ್ನು ಅಡ್ಡಾದಿಡ್ಡಿ ಕ್ರಮದಲ್ಲಿ ತೆಗೆದುಕೊಳ್ಳುವುದರಿಂದ ಪ್ರತಿ ಸಲ ತುಸು ಬೇರೆ ಉತ್ತರ ಕೊಡುತ್ತವೆ. ನೂರು ಸಲ ಓಡಿಸಿ, ಯಾವ ತಾಣಗಳು ಸದಾ ಒಟ್ಟಿಗಿರುತ್ತವೆ, ಯಾವುವು ಅತ್ತಿತ್ತ ಜಿಗಿಯುತ್ತವೆ ಎಂದು ನೋಡಿ. ಜಿಗಿಯುವ ತಾಣಗಳನ್ನು ಬಲವಂತವಾಗಿ ಒಂದು ಗುಂಪಿಗೆ ತುರುಕಬಾರದು; ಎರಡು ಬಳಗಗಳ ನಡುವಿನ ಸೇತುವೆಗಳು ಸಾಮಾನ್ಯವಾಗಿ ಅವೇ. ಎರಡು, ಗೆರೆಗಳನ್ನು ಕಲಸಿ, ಆದರೆ ಪ್ರತಿ ತಾಣದ ಗೆರೆಗಳ ಸಂಖ್ಯೆಯನ್ನು ಹಾಗೆಯೇ ಉಳಿಸಿ, ಅದೇ ಲೆಕ್ಕ ಓಡಿಸಿ. ಕೊಂಡಿಗಳು ವಿರಳವಾಗಿರುವ ಜಾಲದಲ್ಲಿ ಶುದ್ಧ ಆಕಸ್ಮಿಕಕ್ಕೂ ಸಾಕಷ್ಟು ದೊಡ್ಡ ಮಾಡ್ಯುಲಾರಿಟಿ ಬಂದುಬಿಡುತ್ತದೆ. ನಿಮ್ಮ ಅಂಕ ಅದಕ್ಕಿಂತ ಸ್ಪಷ್ಟವಾಗಿ ಮೇಲಿರಬೇಕು. ಮೂರು, ಈ ಅಳತೆಗೆ ಸಣ್ಣ ಗುಂಪುಗಳು ಕಾಣುವುದಿಲ್ಲ. ಫೊರ್ತುನಾತೊ ಮತ್ತು ಬಾರ್ತೆಲೆಮಿ 2007ರಲ್ಲಿ ತೋರಿಸಿದಂತೆ, ಒಟ್ಟು ಗೆರೆಗಳ ಇಮ್ಮಡಿಯ ವರ್ಗಮೂಲದಷ್ಟು ಅಥವಾ ಅದಕ್ಕಿಂತ ಕಡಿಮೆ ಒಳಗೆರೆಗಳಿರುವ ಗುಂಪು ನೆರೆಯ ಗುಂಪಿನೊಳಗೆ ಕರಗಿಹೋಗುವ ಸಂಭವವಿದೆ. ನಿಮ್ಮಲ್ಲಿ 5,000 ಗೆರೆಗಳಿದ್ದರೆ ಆ ಮಿತಿ 100. ಹತ್ತು ಹನ್ನೆರಡು ತಾಣಗಳ ಯಕ್ಷಗಾನ ಬಳಗವೊಂದು ದೊಡ್ಡ ಸಾಹಿತ್ಯ ಬಳಗದೊಳಗೆ ಮುಚ್ಚಿಹೋಗಲು ಇಷ್ಟು ಸಾಕು. ತಂತ್ರಾಂಶದಲ್ಲಿರುವ ರೆಸಲ್ಯೂಷನ್ ಎಂಬ ಸೂಚ್ಯಂಕವನ್ನು ಏರಿಳಿಸಿ, ದೊಡ್ಡ ಗುಂಪುಗಳ ಒಳಗೆ ಮತ್ತೆ ವಿಂಗಡಣೆ ನಡೆಸಿ ನೋಡಬೇಕು. ಗೆಫಿಯಲ್ಲಿ ಆ ಅಂಕೆಯನ್ನು 1ಕ್ಕಿಂತ ಕೆಳಗಿಳಿಸಿದರೆ ಸಣ್ಣ ಗುಂಪುಗಳು ಹೆಚ್ಚುತ್ತವೆ. ನೆಟ್‌ವರ್ಕ್‌ಎಕ್ಸ್‌ನಲ್ಲಿ ಇದಕ್ಕೆ ತದ್ವಿರುದ್ಧ, 1ಕ್ಕಿಂತ ಮೇಲೇರಿಸಬೇಕು.

ಚಿತ್ರ

ಗೆಫಿಯಲ್ಲಿ ಕೊಂಡಿಯಿರುವ ಬಿಂದುಗಳನ್ನು ಹತ್ತಿರಕ್ಕೆ ಎಳೆದು ಉಳಿದವನ್ನು ದೂರ ತಳ್ಳುವ ಫೋರ್ಸ್ ಅಟ್ಲಾಸ್ 2 ವಿನ್ಯಾಸ ಆಯ್ದು, ಗುಂಪಿಗೊಂದು ಬಣ್ಣ ಕೊಟ್ಟು, ಒಳಕೊಂಡಿಗಳ ಸಂಖ್ಯೆಗೆ ತಕ್ಕಂತೆ ಬಿಂದುವಿನ ಗಾತ್ರ ಇಟ್ಟರೆ ಚಿತ್ರ ಸಿದ್ಧ. ಇದನ್ನು ಓದುವಾಗ ನೆನಪಿಡಬೇಕಾದದ್ದು, ಎಡಬಲಕ್ಕಾಗಲಿ ಮೇಲೆಕೆಳಗೆ ಎಂಬುದಕ್ಕಾಗಲಿ ಇಲ್ಲಿ ಅರ್ಥವಿಲ್ಲ. ಹತ್ತಿರ ದೂರಗಳಿಗಷ್ಟೇ, ಅದೂ ಸ್ಥೂಲವಾಗಿ, ಅರ್ಥವಿದೆ. ನಡುವೆ ಕಾಣಿಸಿಕೊಂಡ ತಾಣ ಮಹತ್ವದ್ದೆಂದೇನೂ ಅಲ್ಲ, ಎಲ್ಲರಿಂದ ಸಮಾನವಾಗಿ ಎಳೆಯಲ್ಪಟ್ಟ ತಾಣವೂ ಅಲ್ಲೇ ಬಂದು ನಿಲ್ಲುತ್ತದೆ. ಕನ್ನಡ ಹೆಸರುಗಳ ಒತ್ತಕ್ಷರಗಳು ಚಿತ್ರದಲ್ಲಿ ಒಡೆದು ಬಂದರೆ, ಕನ್ನಡ ಫಾಂಟನ್ನು ಆಯ್ದು ಎಸ್‌ವಿಜಿ ಕಡತವಾಗಿ ತೆಗೆದು ಬ್ರೌಸರಿನಲ್ಲಿ ತೆರೆದು ನೋಡಿ.

ಓದಿ ತಾಳೆ ನೋಡುವುದು

ಪ್ರತಿ ಗುಂಪಿನಿಂದ ಅತಿ ಹೆಚ್ಚು ಕೊಂಡಿ ಪಡೆದ ಐದು ತಾಣಗಳು, ಯಾದೃಚ್ಛಿಕವಾಗಿ ಆಯ್ದ ಐದು ತಾಣಗಳು, ಮತ್ತು ಜಿಗಿಯುವ ತಾಣಗಳೆಲ್ಲವನ್ನೂ ತೆರೆದು ಓದಿ. ಗುಂಪಿಗೆ ಹೆಸರಿಡುವುದು ಇದಾದ ಮೇಲೆಯೇ. ಬರೀ ದೊಡ್ಡ ತಾಣಗಳನ್ನು ನೋಡಿ ‘ವಿಜ್ಞಾನ ಬರಹಗಾರರು’ ಎಂದು ಹೆಸರಿಟ್ಟ ಗುಂಪಿನ ಬಾಲದಲ್ಲಿ ಅಡುಗೆ, ಪ್ರವಾಸ, ಕವಿತೆಗಳು ತುಂಬಿರಬಹುದು. ಆಗ ಅವರನ್ನು ಒಟ್ಟುಗೂಡಿಸಿರುವುದು ವಿಷಯವಲ್ಲ, ಒಂದೇ ಕಾಲದಲ್ಲಿ ಬರೆಯಲು ಶುರುಮಾಡಿದ ಗೆಳೆತನವೋ, ಒಂದೇ ಊರೋ ಇರಬಹುದು. ಓದುಪಟ್ಟಿಯ ಕೊಂಡಿಗಳು ಹೆಚ್ಚಾಗಿ ಹೀಗೆ ಸ್ನೇಹದ ನಕ್ಷೆಯನ್ನೂ, ಲೇಖನದೊಳಗಿನ ಕೊಂಡಿಗಳು ಚರ್ಚೆಯ ನಕ್ಷೆಯನ್ನೂ ಕೊಡುತ್ತವೆ. ಎರಡನ್ನೂ ಪ್ರತ್ಯೇಕವಾಗಿ ಬಿಡಿಸಿ ಪಕ್ಕಪಕ್ಕ ಇಟ್ಟು ನೋಡುವುದು ಈ ಕೆಲಸದಲ್ಲಿ ನನಗೆ ಅತ್ಯಂತ ಫಲಪ್ರದವೆನಿಸಿರುವ ಹಂತ.

ಈ ವ್ಯತ್ಯಾಸ ಎಷ್ಟು ಮುಖ್ಯವೆಂಬುದಕ್ಕೆ ಹೆಸರಾಂತ ನಿದರ್ಶನವಿದೆ. 2004ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹಿನ್ನೆಲೆಯಲ್ಲಿ ಲಾಡಾ ಆಡಮಿಕ್ ಮತ್ತು ನಟಾಲಿ ಗ್ಲಾನ್ಸ್ 1,494 ರಾಜಕೀಯ ಬ್ಲಾಗುಗಳ ಕೊಂಡಿಗಳನ್ನು ಪರಿಶೀಲಿಸಿದರು. 759 ಉದಾರವಾದಿ, 735 ಸಂಪ್ರದಾಯವಾದಿ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕೊಂಡಿಗಳು ಸ್ವಪಕ್ಷದೊಳಗೇ ಇದ್ದವು; ನೀಲಿ ಕೆಂಪು ಎರಡು ಗುಡ್ಡೆಗಳ ಆ ಚಿತ್ರ ಪಠ್ಯಪುಸ್ತಕಗಳಿಗೆ ಸೇರಿತು. ಆದರೆ ಆ ದೊಡ್ಡ ಜಾಲ ಒಂದು ದಿನ ತೆಗೆದ ಮುಖಪುಟಗಳದ್ದು, ಓದುಪಟ್ಟಿಗಳೂ ಅದರಲ್ಲಿ ಸೇರಿದ್ದವು. ಹೀಗಾಗಿಯೇ ಅವರು ಪ್ರಮುಖ ನಲವತ್ತು ಬ್ಲಾಗುಗಳ ಎರಡು ತಿಂಗಳ ಬರಹಗಳನ್ನು ತೆಗೆದುಕೊಂಡು, ಬರಹದೊಳಗಿನ ಕೊಂಡಿಗಳನ್ನು ಬೇರೆಯಾಗಿಯೇ ಎಣಿಸಿದರು. ಚಿತ್ರವನ್ನು ಉದಾಹರಿಸುವವರು ಈ ಎರಡನೆಯ ಭಾಗವನ್ನು ಮರೆಯುವುದೇ ಹೆಚ್ಚು.

ಕೊಂಡಿಯ ಭಾವವನ್ನು ಯಂತ್ರ ಅರಿಯದು ಎಂಬುದನ್ನೂ ಇಲ್ಲೇ ಪರೀಕ್ಷಿಸಬೇಕು. ಕಟುವಾಗಿ ಟೀಕಿಸಲು ಕೊಟ್ಟ ಕೊಂಡಿಯೂ ಲೆಕ್ಕದಲ್ಲಿ ಒಂದೇ. ಎರಡು ಗುಂಪುಗಳ ನಡುವೆ ದಾಟುವ ಗೆರೆಗಳಿಂದ ಐವತ್ತನ್ನು ಆಯ್ದು, ಕೊಂಡಿಯ ಹಿಂದುಮುಂದಿನ ವಾಕ್ಯಗಳನ್ನು ಓದಿ, ಸಮ್ಮತಿ, ವಿರೋಧ, ಬರೀ ಮಾಹಿತಿ ಎಂದು ವಿಂಗಡಿಸಿದರೆ ಸೇತುವೆಯೆಂದು ಕಂಡದ್ದು ನಿಜಕ್ಕೂ ಸೇತುವೆಯೋ ಕದನವೋ ಎಂಬುದು ತಿಳಿಯುತ್ತದೆ. ಇನ್ನೊಂದು ಮಿತಿ ಎಲ್ಲರಿಗೂ ಗೊತ್ತಿರುವುದೇ: ಕನ್ನಡದ ಮಾತುಕತೆಯ ದೊಡ್ಡ ಪಾಲು ಈಗ ವಾಟ್ಸಾಪ್ ಮತ್ತು ಫೇಸ್‌ಬುಕ್ ಗುಂಪುಗಳ ಒಳಗೆ ನಡೆಯುತ್ತದೆ, ಅಲ್ಲಿನ ಕೊಂಡಿಗಳು ಕ್ರಾಲರಿಗೆ ಕಾಣುವುದಿಲ್ಲ. ನಕ್ಷೆಯಲ್ಲಿ ಕೊಂಡಿಗಳಿಲ್ಲದೆ ಒಂಟಿಯಾಗಿ ನಿಂತಿರುವ ತಾಣಕ್ಕೆ ಓದುಗರೇ ಇಲ್ಲವೆಂದು ಬರೆಯಬಾರದು.

ಪ್ರಕಟಣೆ ಮತ್ತು ಮರುಸುತ್ತು

ನಕ್ಷೆಯನ್ನು ಪ್ರಕಟಿಸುವಾಗ ಸಂಗ್ರಹದ ದಿನಾಂಕಗಳು, ಆರಂಭದ ಪಟ್ಟಿ, ಹೊರಗಿಟ್ಟ ತಾಣಗಳ ಪಟ್ಟಿ, ಸೋಸಿದ ನಿಯಮಗಳು, ವಿಂಗಡಣೆಯ ಸೂಚ್ಯಂಕ ಇವೆಲ್ಲವನ್ನೂ ಜೊತೆಗೆ ಕೊಡಿ. ಸಂಸ್ಥೆಗಳ ಹಾಗೂ ಜಾಲಪತ್ರಿಕೆಗಳ ಹೆಸರು ಹಾಕಲು ಅಡ್ಡಿಯಿಲ್ಲ. ನಾಲ್ಕು ಜನ ಸ್ನೇಹಿತರಿಗಾಗಿ ಬರೆಯುವ ವ್ಯಕ್ತಿಯ ಬ್ಲಾಗಿನ ಮೇಲೆ ಜಾತಿ, ಮತ, ಪಕ್ಷ ಸೂಚಿಸುವ ಗುಂಪಿನ ಹೆಸರು ಅಂಟಿಸುವುದು ಬೇರೆಯೇ ಮಾತು. ಅಂಥ ಬಿಂದುಗಳ ಹೆಸರನ್ನು ಮರೆಮಾಡಿ, ಬಣ್ಣವನ್ನಷ್ಟೇ ಉಳಿಸಬೇಕು. ಕಚ್ಚಾ ಕೋಷ್ಟಕವನ್ನು ಹಂಚುವಾಗಲೂ ಇದೇ ನಿಯಮ.

ಆರು ತಿಂಗಳಿಗೋ ವರ್ಷಕ್ಕೋ ಮತ್ತೊಮ್ಮೆ ಸಂಗ್ರಹ ನಡೆಸುವುದಾದರೆ ಅದೇ ಆರಂಭದ ಪಟ್ಟಿ, ಅದೇ ಆಳ, ಅದೇ ಸೋಸುವ ನಿಯಮಗಳನ್ನು ಬಳಸಿ. ಹೊಸದಾಗಿ ತಿಳಿದುಬಂದ ತಾಣಗಳನ್ನು ಸೇರಿಸಬೇಕೆನಿಸಿದರೆ ಅವುಗಳಿಗೆ ಪ್ರತ್ಯೇಕ ಓಟ ನಡೆಸಿ, ಹೋಲಿಕೆಯ ಕೋಷ್ಟಕದಿಂದ ಹೊರಗಿಡಿ. ಎರಡು ಸಂಗ್ರಹಗಳ ನಡುವೆ ಗೆರೆಯೊಂದು ಕಾಣೆಯಾಗಿದ್ದರೆ ಮೊದಲು ನೋಡಬೇಕಾದದ್ದು ಆ ತಾಣ ಬದುಕಿದೆಯೇ, ವಿಳಾಸ ಬದಲಾಗಿದೆಯೇ, ಹೊಸ ವಿನ್ಯಾಸ ಹಾಕುವಾಗ ಪಕ್ಕದ ಓದುಪಟ್ಟಿ ಉದುರಿಹೋಗಿದೆಯೇ ಎಂಬುದನ್ನು. ಈ ಮೂರೂ ಅಲ್ಲವೆಂದು ಖಚಿತವಾದ ಗೆರೆಗಳನ್ನು ಮಾತ್ರ ‘ಸಂಬಂಧ ಕಡಿದದ್ದು’ ಎಂಬ ಕಾಲಮ್ಮಿಗೆ ಸೇರಿಸಿ.